ಮಡಚುವ ಕಬ್ಬಿಣ, ಕುಣಿಯುವ ಬೆಳ್ಳಿ

ತಿಕೋಟಾ, ಬಬಲೇಶ್ವರ ಕಡೆಯ ತಾಂಡಾಗಳಿಂದ ವಿಜಯಪುರದ ಪೇಟೆಗೆ ಬರುವ ಹಿರಿಯ ಲಂಬಾಣಿ ಹೆಂಗಸರ ಸುಳಿವು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಕಿವಿಯ ಪಕ್ಕ ಕೂದಲಿಗೆ ಕಟ್ಟಿದ ಟೋಪ್ಲಿ, ಅದರಿಂದ ಜೋತುಬಿದ್ದ ಘುಗರಿ. ತಲೆ ತುಸು ಹೊರಳಿದರೂ ಗೊಂಚಲಿಗೆ ಗೊಂಚಲೇ ಅಲುಗುತ್ತದೆ. ಈ ಒಡವೆಗಳನ್ನು ಕಂಡವರೆಲ್ಲ ತೂಕಕ್ಕೆ ಬೆರಗಾಗುತ್ತಾರೆ. ನನಗೆ ಅವುಗಳ ಕೊಂಡಿಗಳ ಮೇಲೇ ಕಣ್ಣು.

ಕೊಂಡಿಯಲ್ಲೇನು ಮಹಾ ಎನ್ನುವವರು ಪತ್ತಾರರ ಅಗ್ಗಿಷ್ಟಿಕೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಬೆಳ್ಳಿ ತಂತಿಯನ್ನು ಸರಳಿಗೆ ಸುತ್ತಿ, ಆ ಸುರುಳಿಯನ್ನು ಉದ್ದಕ್ಕೆ ಕತ್ತರಿಸಿದರೆ ಒಂದೇ ಅಳತೆಯ ಪುಟ್ಟ ಉಂಗುರಗಳು ಉದುರುತ್ತವೆ. ಒಂದರೊಳಗೊಂದು ಸೇರಿಸಿ, ಬಿಳಿಗಾರ ಹಚ್ಚಿ ಬೆಸೆಯಬೇಕು. ಬೆಸುಗೆ ಎಳ್ಳಷ್ಟು ಹೆಚ್ಚಾಗಿ ಪಕ್ಕದ ಉಂಗುರಕ್ಕೂ ಹರಿಯಿತೋ, ಸರಪಳಿ ಅಲ್ಲಿಗೆ ಸೆಟೆದುಕೊಂಡಿತು. ಕೀಲಿಟ್ಟ ಬೆಳ್ಳಿ ಕರಡಿಗೆಯದು ಇನ್ನೂ ನಾಜೂಕು. ಸಣ್ಣ ಕೊಳವೆಯ ತುಂಡುಗಳನ್ನು ಮುಚ್ಚಳಕ್ಕೊಂದು, ತಳಕ್ಕೊಂದು ಎಂದು ಬೆಸೆದು, ನಡುವೆ ತಂತಿ ತೂರಿಸಿ ಅದರ ತುದಿ ಬಡಿಯುತ್ತಾರೆ. ಬಿಗಿಯಾದರೆ ತೆರೆಯದು, ಸಡಿಲಾದರೆ ಮುಚ್ಚಿದ್ದು ನಿಲ್ಲದು.

ಈ ಕೀಲಿನ ಹುಚ್ಚನ್ನು ತುತ್ತತುದಿಗೆ ಒಯ್ದವರು ಜಪಾನಿನ ಮ್ಯೋಚಿನ್ ಮನೆತನದವರು. ಸಮುರಾಯ್‌ಗಳಿಗೆ ಕವಚ ಮಾಡುವುದು ಅವರ ಕುಲಕಸುಬು. ಕವಚವೂ ಮೈ ಬಾಗಿದಂತೆ ಬಾಗಬೇಕಲ್ಲ! 17ನೇ ಶತಮಾನದಲ್ಲಿ ಯುದ್ಧಗಳು ನಿಂತು ಗಿರಾಕಿ ಇಳಿದಾಗ ಅದೇ ಕೈಗಳು ಹಾವು, ಏಡಿ, ಸೀಗಡಿ, ಜೀರುಂಡೆಗಳನ್ನು ಮಾಡತೊಡಗಿದವು. ಇಂಥ ಬೊಂಬೆಗಳನ್ನು ಈಗ ಜಿಝಾಯ್ ಒಕಿಮೊನೊ ಎನ್ನುತ್ತಾರೆ. 1713ರಲ್ಲಿ ಮ್ಯೋಚಿನ್ ಮುನೆಅಕಿ ಮಾಡಿದ ಕಬ್ಬಿಣದ ಡ್ರಾಗನ್ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಒಂದರಡಿ ಒಂದು ಸರಿಯುವ ತಗಡುಗಳನ್ನು ಮೊಳೆಯಿಂದ ಜೋಡಿಸಿದ್ದರಿಂದ ಅದರ ಮೈ ಸುರುಳಿ ಸುತ್ತುತ್ತದೆ, ಬಾಯಿ ತೆರೆಯುತ್ತದೆ, ಉಗುರುಗಳೂ ಮಡಚುತ್ತವೆ. 1868ರಲ್ಲಿ ಮೇಜಿ ಕಾಲ ಶುರುವಾದ ಮೇಲೆ ಇಂಥವು ಪರದೇಶಗಳಿಗೂ ಮಾರಾಟವಾದವು.

ಆದರೆ ಡ್ರಾಗನ್ ಆಡಲು ಯಾರಾದರೂ ಕೈಹಾಕಬೇಕು. ಘುಗರಿಗೆ ಆ ಹಂಗಿಲ್ಲ. ತೊಟ್ಟವಳು ನೀರು ಸೇದಿದರೂ, ಕುಣಿದರೂ ಅದರ ಆಟ ನಡೆದೇ ಇರುತ್ತದೆ. ಹಾಗಾಗಿ ಅದರ ಕೊಂಡಿ ಸವೆಯುವುದೂ ಬೇಗ. ನನ್ನ ಲೆಕ್ಕದಲ್ಲಿ ಇದೇ ಕಷ್ಟದ ಪರೀಕ್ಷೆ.

ಈಗ ಜರ್ಮನ್ ಬೆಳ್ಳಿಯ ಒಡವೆಗಳೇ ಹೆಚ್ಚು ಬಿಕರಿಯಾಗುತ್ತವೆ. ತಾಮ್ರ, ಸತು, ನಿಕ್ಕಲ್ ಬೆರೆತ ಆ ಲೋಹದಲ್ಲಿ ಬೆಳ್ಳಿಯ ಅಂಶವೇ ಇಲ್ಲ. ಅಗ್ಗದವುಗಳ ಕೊಂಡಿಗೆ ಬೆಸುಗೆಯೂ ಇರುವುದಿಲ್ಲ. ಇಕ್ಕಳದಿಂದ ಒತ್ತಿ ಬಿಟ್ಟಿರುತ್ತಾರೆ, ಎಳೆದರೆ ಬಾಯಿ ಬಿಡುತ್ತದೆ. ಅತ್ತ, ಹಳೆಯದನ್ನು ಕರಗಿಸಲು ಕೊಟ್ಟರೆ ಬೆಳ್ಳಿಗಷ್ಟೇ ಬೆಲೆ, ಕೈಕೆಲಸಕ್ಕೆ ಕಾಸಿಲ್ಲ. ಕೊಳ್ಳುವ ಮನಸ್ಸಿದ್ದವರು ಉಂಗುರದ ಕೂಡುಗೆರೆಯ ಮೇಲೆ ಉಗುರಾಡಿಸಿ ನೋಡಿ. ಚೆನ್ನಾಗಿ ಬೆಸೆದದ್ದಾದರೆ ಉಗುರು ಸಿಕ್ಕಿಕೊಳ್ಳುವುದಿಲ್ಲ.