ಅಂಗೈಯಲ್ಲಿ ಕರಗುವ ಲೋಹ: ಗ್ಯಾಲಿಯಂ

ಅಂಕೋಲೆಯಿಂದ ಕಾರವಾರದ ಕಡೆಗೆ ಪ್ರಯಾಣ ಮಾಡುವವರ ಕಣ್ಣನ್ನು ಎರಡು ಬಣ್ಣಗಳು ಸೆಳೆಯುತ್ತವೆ: ಒಂದು ಕಡಲಿನ ನೀಲಿ, ಇನ್ನೊಂದು ನೆಲದ ಕೆಂಪು. ಈ ಕೆಂಪು ಚಿರೆಕಲ್ಲಿನ ಬಣ್ಣ. ಮನೆಯ ಗೋಡೆ, ಬಾವಿಯ ಕಟ್ಟೆ, ಹಿತ್ತಲಿನ ಪಾಗಾರ ಎಲ್ಲಕ್ಕೂ ಕರಾವಳಿಯ ಜನ ನೆಚ್ಚಿಕೊಂಡಿರುವುದು ಇದನ್ನೇ. ನೆಲದೊಳಗಿರುವಾಗ ಹತಾರಕ್ಕೆ ಸುಲಭವಾಗಿ ಬಗ್ಗುವ ಈ ಕಲ್ಲು ಗಾಳಿಗೆ ಮೈಯೊಡ್ಡಿದ ಮೇಲೆ ಗಟ್ಟಿಯಾಗುತ್ತದೆ. ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರನ್ನಿತ್ತನು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ ಎಂದರ್ಥ.

ಲಕ್ಷಾಂತರ ವರ್ಷಗಳ ಮಳೆ ಶಿಲೆಯೊಳಗಿನ ಮರಳಿನ ಅಂಶವನ್ನು ತೊಳೆದೊಯ್ದಾಗ ಉಳಿದುಕೊಂಡ ಗಸಿಯೇ ಚಿರೆಕಲ್ಲು. ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳೇ ಅದರಲ್ಲಿ ಮುಖ್ಯ. ಅಲ್ಯುಮಿನಿಯಂ ವಿಶೇಷವಾಗಿ ಸಾಂದ್ರವಾದ ಕಡೆ ಅದು ಬಾಕ್ಸೈಟ್ ಎನ್ನಿಸಿಕೊಳ್ಳುತ್ತದೆ. ಕರ್ನಾಟಕದಲ್ಲಿ ಬಾಕ್ಸೈಟ್ ದೊರೆಯುವ ಜಿಲ್ಲೆಗಳ ಪಟ್ಟಿಯಲ್ಲಿ ಬೆಳಗಾವಿಯೊಡನೆ ಉತ್ತರ ಕನ್ನಡದ ಹೆಸರೂ ಇದೆ. ಅಲ್ಯುಮಿನಿಯಂ ಇದ್ದಲ್ಲೆಲ್ಲ ನೆರಳಿನಂತೆ ಅದರ ಬೆನ್ನಿಗಿರುವ ಇನ್ನೊಂದು ಲೋಹವೂ ಉಂಟು. ಅದೇ ಗ್ಯಾಲಿಯಂ. ಇಂದು ಜಗತ್ತಿನ ದೊಡ್ಡ ರಾಷ್ಟ್ರಗಳು ಈ ಲೋಹಕ್ಕಾಗಿ ಒಂದನ್ನೊಂದು ಕೆಂಗಣ್ಣಿನಿಂದ ನೋಡುತ್ತಿವೆ. ಹಾಗಾದರೆ ನಮ್ಮ ಕೆಂಪುಗುಡ್ಡಗಳ ಅಡಿಯಲ್ಲಿ ನಿಧಿಯೊಂದು ಅಡಗಿದೆಯೆ? ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಆ ಲೋಹದ ಕುಲಗೋತ್ರಗಳನ್ನು ವಿಚಾರಿಸೋಣ.

ಗ್ಯಾಲಿಯಂ ಕಾಣುವುದಕ್ಕೆ ಮೊದಲೇ ಅದರ ಜಾತಕ ಸಿದ್ಧವಾಗಿತ್ತು! ೧೮೭೧ರಲ್ಲಿ ರಷ್ಯದ ಮೆಂಡೆಲೀವನು ಮೂಲವಸ್ತುಗಳ ಆವರ್ತಕೋಷ್ಟಕದಲ್ಲಿ ಅಲ್ಯುಮಿನಿಯಂನ ಕೆಳಗೆ ಒಂದು ಮನೆಯನ್ನು ಖಾಲಿ ಬಿಟ್ಟು, ಅಲ್ಲಿಗೆ ಬರತಕ್ಕ ವಸ್ತುವಿನ ಗುಣಗಳನ್ನು ಮುಂದಾಗಿ ಹೇಳಿದನು. ಅದಕ್ಕೆ ಅವನಿಟ್ಟ ಹೆಸರು 'ಏಕ-ಅಲ್ಯುಮಿನಿಯಂ'. 'ಏಕ' ಎಂಬುದು ನಮ್ಮ ಸಂಸ್ಕೃತದ ಶಬ್ದವೇ. ನಾಲ್ಕು ವರ್ಷಗಳ ತರುವಾಯ, ೧೮೭೫ರಲ್ಲಿ, ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಎಂಬ ವಿಜ್ಞಾನಿ ಸತುವಿನ ಅದಿರನ್ನು ವರ್ಣಪಟಲ ಯಂತ್ರದಲ್ಲಿ ಪರೀಕ್ಷಿಸುತ್ತಿದ್ದಾಗ ಹಿಂದೆಂದೂ ಕಾಣದ ನೇರಿಳೆ ಬಣ್ಣದ ಗೆರೆಗಳನ್ನು ಕಂಡನು. ಹೊಸ ಲೋಹಕ್ಕೆ ತನ್ನ ದೇಶದ ಪ್ರಾಚೀನ ನಾಮವಾದ 'ಗ್ಯಾಲಿಯ'ದಿಂದ ಹೆಸರಿಟ್ಟನು. ಅದರ ಸಾಂದ್ರತೆ ೪.೭ ಎಂದು ಅವನ ಮೊದಲ ಎಣಿಕೆ. ಅದು ೫.೯ರ ಸುಮಾರಿಗೆ ಇರಬೇಕು, ಲೋಹವನ್ನು ಇನ್ನಷ್ಟು ಶುದ್ಧಗೊಳಿಸಿ ನೋಡಬೇಕು ಎಂದು ಮೆಂಡೆಲೀವನು ದೂರದಿಂದಲೇ ತಿಳಿಸಿದನು. ಶುದ್ಧಗೊಳಿಸಿ ತೂಗಿದಾಗ ೫.೯ ಎಂದೇ ತಿಳಿಯಿತು. ಲೋಹವನ್ನು ಕಣ್ಣಾರೆ ಕಂಡವನಿಗಿಂತ ಕಾಣದವನ ಮಾತು ನಿಜವಾದ ಈ ಪ್ರಸಂಗ ರಸಾಯನಶಾಸ್ತ್ರದ ಇತಿಹಾಸದಲ್ಲಿ ಚಿರಸ್ಮರಣೀಯವಾಗಿದೆ.

ಗ್ಯಾಲಿಯಂನ ಗುಣಗಳೂ ವಿಚಿತ್ರವೇ. ಅದು ೨೯.೭೬ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಅಂಗೈ ಮೇಲಿಟ್ಟುಕೊಂಡರೆ ಬೆಣ್ಣೆಯಂತೆ ನೀರಾಗಿ ಹೊಳೆಯುತ್ತದೆ. ಚಳಿನಾಡಿನ ಪ್ರಯೋಗಶಾಲೆಗಳಲ್ಲಿ ಇದು ಗಟ್ಟಿ ಲೋಹ. ಕಾರವಾರದ ಬೇಸಗೆಯ ಮಧ್ಯಾಹ್ನದಲ್ಲಾದರೋ ಸೀಸೆಯೊಳಗೆ ತಾನಾಗಿಯೇ ದ್ರವವಾಗಿಬಿಡುತ್ತದೆ. ಕರಗಲು ಇಷ್ಟು ಅವಸರಪಡುವ ಈ ಲೋಹವು ಕುದಿಯಬೇಕಾದರೆ ಎರಡು ಸಾವಿರ ಡಿಗ್ರಿಗಳನ್ನೂ ಮೀರಿದ ಶಾಖ ಬೇಕು. ನೀರು ಮಂಜುಗಡ್ಡೆಯಾಗುವಾಗ ಹಿಗ್ಗುವಂತೆ ಇದೂ ಗಟ್ಟಿಯಾಗುವಾಗ ಹಿಗ್ಗುತ್ತದೆ. ಅಲ್ಯುಮಿನಿಯಂನೊಡನೆ ಇದಕ್ಕಿರುವ ನಂಟು ಅಪಾಯಕರವಾದದ್ದು: ಕರಗಿದ ಗ್ಯಾಲಿಯಂ ತಗುಲಿದರೆ ಗಟ್ಟಿಯಾದ ಅಲ್ಯುಮಿನಿಯಂ ತಗಡು ಹಪ್ಪಳದಂತೆ ಮುರಿಯುತ್ತದೆ. ಆದಕಾರಣ ವಿಮಾನಗಳಲ್ಲಿ ಇದನ್ನು ಸಾಗಿಸಲು ಬಿಗಿಯಾದ ಕಟ್ಟುಪಾಡುಗಳಿವೆ.

ಬಹುಕಾಲ ಈ ಲೋಹವು ಕುತೂಹಲದ ವಸ್ತುವಾಗಿಯೇ ಉಳಿದಿತ್ತು. ಅದರ ಭಾಗ್ಯವನ್ನು ತೆರೆದದ್ದು ಅರೆವಾಹಕಗಳ ಯುಗ. ತಾಮ್ರದಂತೆ ವಿದ್ಯುತ್ತನ್ನು ಧಾರಾಳವಾಗಿ ಹರಿಯಗೊಡದೆ, ಗಾಜಿನಂತೆ ಪೂರ್ತಿ ತಡೆಯದೆ, ನಾವು ಹೇಳಿದಂತೆ ಕೇಳುವ ವಸ್ತುಗಳೇ ಅರೆವಾಹಕಗಳು. ಇವುಗಳಲ್ಲಿ ಸಿಲಿಕಾನ್ ರಾಜನಾದರೂ ಅದಕ್ಕೆ ಎರಡು ಕೊರತೆಗಳಿವೆ: ಅದು ಬೆಳಕನ್ನು ಚೆನ್ನಾಗಿ ಬೀರಲಾರದು, ಅತಿವೇಗದ ವಿದ್ಯುತ್ ಕಂಪನಗಳೊಂದಿಗೆ ಹೆಜ್ಜೆ ಹಾಕುವಾಗ ಹಿಂದೆ ಬೀಳುತ್ತದೆ. ಗ್ಯಾಲಿಯಂ ಅನ್ನು ಆರ್ಸೆನಿಕ್‌ನೊಡನೆ ಕೂಡಿಸಿದರೆ ಗ್ಯಾಲಿಯಂ ಆರ್ಸೆನೈಡ್. ಸಾರಜನಕದೊಡನೆ ಕೂಡಿಸಿದರೆ ಗ್ಯಾಲಿಯಂ ನೈಟ್ರೈಡ್. ಇವೆರಡೂ ಆ ಕೊರತೆಗಳನ್ನು ತುಂಬುತ್ತವೆ. ನಮ್ಮ ಜೇಬಿನ ಫೋನು ಗೋಪುರಕ್ಕೆ ಸಂದೇಶ ಕಳಿಸುವಾಗ ಅದಕ್ಕೆ ಬಲ ಕೊಡುವುದು ಸಾಮಾನ್ಯವಾಗಿ ಮೊದಲನೆಯದು; ಉಪಗ್ರಹಗಳ ಸೌರಫಲಕಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಎರಡನೆಯದು ಹೆಚ್ಚು ಶಾಖವನ್ನೂ ಹೆಚ್ಚು ವೋಲ್ಟೇಜನ್ನೂ ತಾಳಬಲ್ಲುದು. ನೀಲಿ ಬೆಳಕು ಬೀರುವ ಎಲ್.ಇ.ಡಿ. ದೀಪ ಹುಟ್ಟಿದ್ದು ಅದರಿಂದಲೇ. ಇದಕ್ಕಾಗಿ ಅಕಸಾಕಿ, ಅಮಾನೊ ಮತ್ತು ನಕಮುರ ಎಂಬ ಮೂವರಿಗೆ ೨೦೧೪ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನ ಸಂದಿತು.

ಹೀಗಾಗಿ ಗ್ಯಾಲಿಯಂ ಈಗಾಗಲೇ ನಮ್ಮ ಕರಾವಳಿಗೆ ಬಂದಿಳಿದಿದೆ. ಮನೆಮನೆಯ ಬಿಳಿ ದೀಪದಲ್ಲಿ ಅದು ಉಂಟು. ಪ್ರಖರವಾದ ಎಲ್.ಇ.ಡಿ. ದೀಪಗಳನ್ನು ದೋಣಿಗೆ ಕಟ್ಟಿ ಮೀನುಗಳನ್ನು ಆಕರ್ಷಿಸಿ ಹಿಡಿಯುವ ಪದ್ಧತಿಯನ್ನು ಕೇಂದ್ರ ಸರಕಾರವು ೨೦೧೭ರಲ್ಲಿ ನಿಷೇಧಿಸಿತಲ್ಲವೆ? ಸಾಂಪ್ರದಾಯಿಕ ಮೀನುಗಾರರ ಅಸಮಾಧಾನಕ್ಕೆ ಕಾರಣವಾದ ಆ ಬೆಳಕಿನ ಮೂಲವೂ ಇದೇ ಲೋಹ. ಕಾರವಾರದ ದಕ್ಷಿಣಕ್ಕೆ ೨೦೦೫ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯನ್ನು ವಾಚಕರು ಬಲ್ಲರು. ಅದಕ್ಕಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಹಲವು ಹಳ್ಳಿಗಳ ಜನ ನೆಲೆಮನೆಗಳನ್ನು ಬಿಟ್ಟುಕೊಟ್ಟರು. ಇಂದಿನ ಯುದ್ಧನೌಕೆಗೆ ಕಣ್ಣಾಗಿರುವುದು ರೇಡಾರ್. ಹೊಸ ಬಗೆಯ ರೇಡಾರುಗಳಲ್ಲಿ ತಿರುಗುವ ಒಂದೇ ತಟ್ಟೆಗೆ ಬದಲಾಗಿ ನೂರಾರು, ಸಾವಿರಾರು ಪುಟ್ಟ ಪ್ರೇಷಕಗಳಿರುತ್ತವೆ. ಆ ಒಂದೊಂದರ ಹೃದಯದಲ್ಲಿಯೂ ಗ್ಯಾಲಿಯಂನ ಸಂಯುಕ್ತವಿದೆ. ಗ್ಯಾಲಿಯಂನ ಪೂರೈಕೆ ನಿಂತರೆ ಇಂಥ ಕಣ್ಣುಗಳನ್ನು ಮಾಡುವ ಕೆಲಸವೂ ನಿಲ್ಲುತ್ತದೆ.

ವಿಜ್ಞಾನದ ಶುದ್ಧ ಜಿಜ್ಞಾಸೆಗೂ ಈ ಲೋಹ ನೆರವಾಗಿದೆ. ಸೂರ್ಯನ ಗರ್ಭದಿಂದ ಬರುವ ನ್ಯೂಟ್ರಿನೋ ಕಣಗಳನ್ನು ಹಿಡಿಯಲು ಇಟಲಿಯ ಗ್ರಾನ್ ಸಾಸೋ ಪರ್ವತದ ಒಳಗೆ ಗ್ಯಾಲೆಕ್ಸ್ ಪ್ರಯೋಗದವರು ೩೦ ಟನ್ ಗ್ಯಾಲಿಯಂ ಬಳಸಿದರು. ರೋಗಿಯ ದೇಹದಲ್ಲಿ ಕೆಲವು ಬಗೆಯ ಅರ್ಬುದಗಳನ್ನು ಪತ್ತೆಹಚ್ಚಲು ಗ್ಯಾಲಿಯಂ-೬೮ ಎಂಬ ವಿಕಿರಣಶೀಲ ರೂಪವನ್ನು ಆಸ್ಪತ್ರೆಗಳಲ್ಲಿ ಉಪಯೋಗಿಸುತ್ತಾರೆ. ಪಾದರಸವಿಲ್ಲದ ಜ್ವರಮಾಪಕಗಳಲ್ಲಿ ಗ್ಯಾಲಿಯಂ, ಇಂಡಿಯಂ, ತವರಗಳ ಮಿಶ್ರಲೋಹ ಏರಿಳಿಯುತ್ತದೆ.

ಇಷ್ಟು ಬೇಡಿಕೆಯಿರುವ ವಸ್ತುವನ್ನು ಅಗೆದು ತೆಗೆಯಬಾರದೇಕೆ? ಇಲ್ಲಿಯೇ ಈ ಲೋಹದ ಮಾರುಕಟ್ಟೆಯ ರಹಸ್ಯವಿರುವುದು. ಭೂಮಿಯ ಹೊರಪದರದಲ್ಲಿ ಗ್ಯಾಲಿಯಂ ಸೀಸಕ್ಕಿಂತ ಕಡಿಮೆಯೇನಿಲ್ಲ. ಆದರೆ ಸೀಸದಂತೆ ಅದು ಒಂದೆಡೆ ಗುಂಪುಗೂಡುವುದಿಲ್ಲ; ಎಲ್ಲೆಲ್ಲಿಯೂ ಚದುರಿ ಹೋಗಿದೆ. ಒಂದು ಟನ್ ಬಾಕ್ಸೈಟಿನಲ್ಲಿ ಸರಾಸರಿ ೫೦ ಗ್ರಾಂ ಮಾತ್ರ ಉಂಟು. ಅಂದರೆ ಹತ್ತು ಟನ್ ಹೊತ್ತ ಒಂದು ಲಾರಿಯಲ್ಲಿ ಅರ್ಧ ಕಿಲೋ. ಅದೂ ಒಂದು ಕಣವೂ ಪೋಲಾಗದೆ ದೊರೆತರೆ!

ಅದನ್ನು ಹೊರತೆಗೆಯುವ ಕೆಲಸವನ್ನು ಅಲ್ಯುಮಿನ ಕಾರ್ಖಾನೆ ತನಗರಿವಿಲ್ಲದೆಯೇ ಅರ್ಧ ಮಾಡಿ ಮುಗಿಸಿರುತ್ತದೆ. ಬಾಕ್ಸೈಟನ್ನು ಪುಡಿಮಾಡಿ ಬಿಸಿಯಾದ ಕಾಸ್ಟಿಕ್ ಸೋಡ ದ್ರಾವಣದಲ್ಲಿ ಒತ್ತಡ ಕೊಟ್ಟು ಬೇಯಿಸುವರು. ಉಪ್ಪುನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿ ಕಾರವಾರದ ಬಿಣಗಾದ ಕಾರ್ಖಾನೆಯಲ್ಲಿ ತಯಾರಿಸುವರಲ್ಲ, ಅದೇ ಕಾಸ್ಟಿಕ್ ಸೋಡ. ಅಲ್ಯುಮಿನಿಯಂ ಕರಗುತ್ತದೆ, ಕಬ್ಬಿಣವು ಕೆಂಪು ಕೆಸರಾಗಿ ಉಳಿಯುತ್ತದೆ. ಗ್ಯಾಲಿಯಂನ ಬಹುಭಾಗ ಅಲ್ಯುಮಿನಿಯಂನೊಡನೆ ದ್ರಾವಣಕ್ಕೆ ಇಳಿಯುತ್ತದೆ. ಅಲ್ಯುಮಿನ ಗಸಿಯಾಗಿ ಕೆಳಗಿಳಿದ ಮೇಲೆ ಅದೇ ದ್ರಾವಣವನ್ನು ಮತ್ತೆ ಮತ್ತೆ ಬಳಸುವುದರಿಂದ ಗ್ಯಾಲಿಯಂ ಸುತ್ತಿನಿಂದ ಸುತ್ತಿಗೆ ಅದರಲ್ಲಿ ಕೂಡುತ್ತ ಹೋಗುತ್ತದೆ. ಅದನ್ನು ಮಾತ್ರ ಆರಿಸಿ ಹಿಡಿದುಕೊಳ್ಳುವ ವಿಶೇಷ ರಾಳಗಳ ಮೂಲಕ ದ್ರಾವಣವನ್ನು ಹಾಯಿಸಿ, ತರುವಾಯ ವಿದ್ಯುದ್ವಿಭಜನೆಯಿಂದ ಲೋಹವನ್ನು ಪಡೆಯುತ್ತಾರೆ. ಅರೆವಾಹಕಕ್ಕೆ ಬೇಕಾದರೆ ಇಷ್ಟು ಸಾಲದು. ಹತ್ತು ಲಕ್ಷಕ್ಕೆ ಒಂದು ಭಾಗದಷ್ಟೂ ಕಲ್ಮಷ ಉಳಿಯದಂತೆ ಅದನ್ನು ಪುನಃ ಪುನಃ ಶೋಧಿಸಬೇಕು.

ಹೀಗಾಗಿ ಗ್ಯಾಲಿಯಂಗೆ ಸ್ವಂತದ ಗಣಿಯಿಲ್ಲ. ಅದು ಬೇರೊಬ್ಬರ ಮನೆಯ ಉಪಫಲ. ಬೇಡಿಕೆ ಎಷ್ಟೇ ಏರಲಿ, ಅದಕ್ಕೋಸ್ಕರ ಯಾರೂ ಹೆಚ್ಚು ಅಲ್ಯುಮಿನಿಯಂ ತಯಾರಿಸಲಾರರು. ಜಗತ್ತಿನಲ್ಲಿ ವರ್ಷಕ್ಕೆ ೪೦ ಕೋಟಿ ಟನ್ನಿಗೂ ಮೀರಿ ಬಾಕ್ಸೈಟ್ ಅಗೆಯುತ್ತಾರೆ. ಅದರಲ್ಲಿರಬಹುದಾದ ಗ್ಯಾಲಿಯಂ ಲೆಕ್ಕದ ಪ್ರಕಾರ ೨೦,೦೦೦ ಟನ್. ಆದರೆ ೨೦೨೪ರಲ್ಲಿ ಹೊಸದಾಗಿ ಉತ್ಪತ್ತಿಯಾದದ್ದು ಅಮೆರಿಕದ ಭೂವಿಜ್ಞಾನ ಇಲಾಖೆಯ ಅಂದಾಜಿನಂತೆ ಸುಮಾರು ೭೬೦ ಟನ್ ಮಾತ್ರ. ಉಳಿದುದೆಲ್ಲ ಕೆಂಪು ಕೆಸರಿನಲ್ಲಿಯೂ ದ್ರಾವಣದಲ್ಲಿಯೂ ವ್ಯರ್ಥವಾಗುತ್ತಿದೆ. ಲೋಹಕ್ಕೆ ಬರವಿಲ್ಲ, ಹಿಡಿದಿಡುವ ಕೈಗಳಿಗೆ ಬರ.

ಆ ಕೈಗಳು ಬಹುಮಟ್ಟಿಗೆ ಒಂದೇ ದೇಶದಲ್ಲಿವೆ. ಜಗತ್ತಿನ ಪ್ರಾಥಮಿಕ ಉತ್ಪತ್ತಿಯಲ್ಲಿ ನೂರಕ್ಕೆ ೯೮ಕ್ಕೂ ಹೆಚ್ಚು ಪಾಲು ಚೀನದ್ದು. ಅಲ್ಲಿಯ ಅಗ್ಗದ ಸರಕಿನೆದುರು ನಿಲ್ಲಲಾರದೆ ಕಜಾಕಸ್ತಾನವು ೨೦೧೩ರಲ್ಲಿ, ಹಂಗೇರಿಯು ೨೦೧೫ರಲ್ಲಿ, ಜರ್ಮನಿಯು ೨೦೧೬ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿದವು. ೨೦೨೩ರ ಆಗಸ್ಟ್ ೧ರಿಂದ ಚೀನವು ಗ್ಯಾಲಿಯಂ ಮತ್ತು ಜರ್ಮೇನಿಯಂಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ೨೦೨೪ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ರಫ್ತನ್ನೇ ನಿಷೇಧಿಸಿ, ೨೦೨೫ರ ನವೆಂಬರಿನಲ್ಲಿ ಆ ನಿಷೇಧವನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ಈ ನಡುವೆ ಯುರೋಪಿನ ಪೇಟೆಯಲ್ಲಿ ಬೆಲೆ ಇಮ್ಮಡಿಗೂ ಮೇಲೇರಿತು. ಅಗ್ಗವೆಂದು ನೆರೆಮನೆಯ ಬಾವಿಯನ್ನು ನಂಬಿ ತನ್ನ ಬಾವಿಯನ್ನು ಮುಚ್ಚಿದವನಿಗೆ ಬೇಸಗೆಯಲ್ಲಿ ಬುದ್ಧಿ ಬರುವಂತೆ, ಲೋಕಕ್ಕೆ ಈಗ ಬುದ್ಧಿ ಬಂದಿದೆ.

ನಮ್ಮ ದೇಶದ ಸ್ಥಿತಿಯೇನು? ಉತ್ತರ ಪ್ರದೇಶದ ರೇಣುಕೂಟದ ಅಲ್ಯುಮಿನ ಕಾರ್ಖಾನೆಯಲ್ಲಿ ಹಿಂದೆ ಗ್ಯಾಲಿಯಂ ತೆಗೆದದ್ದುಂಟು. ಆ ವಿದ್ಯೆ ನಮಗೆ ಹೊಸದಲ್ಲ. ೨೦೨೩ರಲ್ಲಿ ಕೇಂದ್ರ ಗಣಿ ಸಚಿವಾಲಯವು ಗುರುತಿಸಿದ ೩೦ ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಗ್ಯಾಲಿಯಂ ಕೂಡ ಸೇರಿದೆ. ೨೦೨೫ರ ಜನವರಿಯಲ್ಲಿ ಇಂಥ ಖನಿಜಗಳಿಗಾಗಿಯೇ ಒಂದು ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗ್ಯಾಲಿಯಂ ನೈಟ್ರೈಡಿನ ಟ್ರಾನ್ಸಿಸ್ಟರುಗಳನ್ನು ರೂಪಿಸಿದ್ದಾರೆ. ಅರೆವಾಹಕವನ್ನು ಮಾಡಬಲ್ಲ ಬುದ್ಧಿ ಬೆಂಗಳೂರಿನಲ್ಲಿದೆ; ಘಟ್ಟದ ಮೇಲಣ ಬೆಳಗಾವಿಯಲ್ಲಿ ದಶಕಗಳಿಂದ ಬಾಕ್ಸೈಟನ್ನು ಬೇಯಿಸುವ ಅಲ್ಯುಮಿನ ಕಾರ್ಖಾನೆಯಿದೆ. ಇವೆರಡರ ನಡುವಣ ಕೊಂಡಿಯನ್ನು ಬೆಸೆಯುವುದೇ ಮುಂದಿನ ಕೆಲಸ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಗ್ಯಾಲಿಯಂನ ಬೆಲೆ ಏರಿತೆಂದು ಅಂಕೋಲೆಯ ಗುಡ್ಡಗಳಿಗೆ ಹಾರೆ ಹಾಕಬೇಕೆ? ಬೇಡವೆಂದು ಲೆಕ್ಕವೇ ಹೇಳುತ್ತದೆ. ಲಾರಿಗೆ ಅರ್ಧ ಕಿಲೋ ಲೋಹಕ್ಕಾಗಿ ಗುಡ್ಡವನ್ನು ಕರಗಿಸುವುದು, ಬೆಲ್ಲದಚ್ಚಿಗೆ ಅಂಟಿದ ಇರುವೆಗಾಗಿ ಬೆಲ್ಲವನ್ನು ನೀರುಪಾಲು ಮಾಡಿದಂತೆ. ನಷ್ಟದ ಬಾಬತ್ತೂ ಚಿಕ್ಕದಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಮಳೆಗೆ ನೆನೆದ ಗುಡ್ಡ ಹೆದ್ದಾರಿಯ ಮೇಲೂ ಗಂಗಾವಳಿ ನದಿಗೂ ಕುಸಿದು ಜೀವಗಳನ್ನು ಬಲಿ ತೆಗೆದುಕೊಂಡಿತು. ಈ ನೆಲ ಎಷ್ಟು ಸಡಿಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಂಕೋಲೆಯ ಬೇಲೆಕೇರಿ ಬಂದರು ಇನ್ನೊಂದು ಪಾಠವನ್ನೂ ಕಲಿಸಿದೆ. ಬಳ್ಳಾರಿಯ ಕಬ್ಬಿಣದ ಅದಿರು ಅಲ್ಲಿಂದ ರಾಶಿ ರಾಶಿಯಾಗಿ ಹಡಗನ್ನೇರಿ ಪರದೇಶಗಳಿಗೆ ಹೋಯಿತು. ೨೦೧೦ರಲ್ಲಿ ಮುಟ್ಟುಗೋಲು ಹಾಕಿದ ಲಕ್ಷಗಟ್ಟಲೆ ಟನ್ ಅದಿರು ಬಂದರಿನಿಂದಲೇ ಕಾಣೆಯಾದಾಗ ನಾಡೆಲ್ಲ ಬೆರಗಾಯಿತು. ಆ ವ್ಯಾಪಾರದ ತರುವಾಯ ಕರಾವಳಿಗೆ ಉಳಿದದ್ದು ಕೆಂಪು ಧೂಳು. ಕಚ್ಚಾ ಮಣ್ಣನ್ನು ಮಾರಿದವನಿಗೆ ಮಣ್ಣಿನ ಬೆಲೆ, ಅದರಿಂದ ಲೋಹವನ್ನು ಶೋಧಿಸಿದವನಿಗೆ ಲೋಹದ ಬೆಲೆ, ಆ ಲೋಹಕ್ಕೆ ಕಣ್ಣು ಕಿವಿ ಕೊಟ್ಟವನಿಗೆ ವಿದ್ಯೆಯ ಬೆಲೆ ಎಂಬುದು ಲೋಕನಿಯಮ.

ನಮ್ಮ ಕೆಂಪುಗುಡ್ಡಗಳು ಮಳೆನೀರನ್ನು ಹಿಡಿದಿಟ್ಟು ಬಾವಿಗಳನ್ನು ತುಂಬುತ್ತಿರಲಿ. ಬೇಕಾದ ಗ್ಯಾಲಿಯಂ ಈಗಾಗಲೇ ಬಾಕ್ಸೈಟ್ ಬೇಯುತ್ತಿರುವ ಹಂಡೆಗಳಲ್ಲಿ ದಿನವೂ ಸುತ್ತುತ್ತಿದೆ. ಅದನ್ನು ಅಲ್ಲಿಂದ ಹಿಡಿದು ತೆಗೆಯುವ ರಸಾಯನಜ್ಞರೂ ತಂತ್ರಜ್ಞರೂ ನಮ್ಮ ಕಾಲೇಜುಗಳಿಂದ ಹೊರಬಂದರೆ, ಒಂದು ಗುಡ್ಡವನ್ನೂ ಹೊಸದಾಗಿ ಅಗೆಯದೆ ನಾಡಿಗೆ ಒಂದು ಹೊಸ ಗಣಿ ದೊರೆತಂತಾಗುವುದು.