ಪಟ್ಟಿಯಲ್ಲಿಲ್ಲದ ಹೆಸರು

ನಮ್ಮ ಚಡಚಣದ ಪೇಟೆಗೆ ಜವಳಿ ಕೊಳ್ಳಲು ಬರುವವರನ್ನು ನಾನು ಚಿಕ್ಕಂದಿನಿಂದಲೂ ನೋಡುತ್ತ ಬಂದಿದ್ದೇನೆ. ಸೆರಗನ್ನು ಬೆಳಕಿಗೆ ಹಿಡಿಯುವರು; ಬಣ್ಣ ಬಿಡುವುದೇ ಎಂದು ಕೇಳುವರು; ನಾಲ್ಕು ಅಂಗಡಿ ತಿರುಗಿ ದರ ಇಳಿಸುವರು. ಆದರೆ ಇದನ್ನು ಯಾರ ಮನೆಯಲ್ಲಿ ಯಾರ ಕೈ ಹೊಲಿಯಿತು, ಅದಕ್ಕೆ ಸಂದ ಕೂಲಿಯೆಷ್ಟು ಎಂದು ಕೇಳಿದವರನ್ನು ಕಾಣೆ. ಅದು ಅವರ ತಪ್ಪೆನ್ನಲಾರೆ. ಕಾರಖಾನೆಯ ಕೆಲಸಕ್ಕೆ ಭೋಂಗಾ ಉಂಟು, ಬಾಗಿಲು ಉಂಟು. ಅಡುಗೆಮನೆಯ ಮೂಲೆಯಲ್ಲಿ ನಡೆಯುವ ಕೆಲಸ ಬೀದಿಗೆ ಕಾಣುವುದಿಲ್ಲ.

ಈ ಕಾಣದ ಕೆಲಸವನ್ನು ನಾನು ಮೊದಲು ಕಂಡುದು ಭೀಮೆಯಾಚೆ ಸೊಲ್ಲಾಪುರದಲ್ಲಿ, ನನ್ನ ಸೋದರತ್ತೆಯ ಮನೆಯಲ್ಲಿ. ರಾತ್ರಿ ನೆನೆಯಿಟ್ಟ ಎಲೆಯನ್ನು ಬೆಳಿಗ್ಗೆ ತಗಡಿನ ಅಳತೆಯಿಟ್ಟು ಕತ್ತರಿಸುವುದು, ತಂಬಾಕಿನ ಪುಡಿ ತುಂಬಿ ಸುತ್ತುವುದು, ತುದಿ ಮಡಚಿ ದಾರ ಬಿಗಿಯುವುದು. ತೊಡೆಯ ಮೇಲಿನ ಮೊರ ತುಂಬಿ ಬರಿದಾಗುತ್ತಿತ್ತು. ಕೂಲಿಯ ಲೆಕ್ಕ ಸಾವಿರಕ್ಕೆ. ಸಂಜೆ ಬುಟ್ಟಿ ಹೊತ್ತು ಹೋದರೆ ಪರೀಕ್ಷಿಸುವಾತ ಸಡಿಲವಾದುದನ್ನೆಲ್ಲ ಪಕ್ಕಕ್ಕೆ ಎಸೆಯುತ್ತಿದ್ದ. ಎಸೆದುದಕ್ಕೆ ಕೂಲಿಯಿಲ್ಲ, ಬೀಡಿ ಮಾತ್ರ ಮರಳಿ ಬರುತ್ತಿರಲಿಲ್ಲ.

ಅತ್ತೆಯ ಲೆಕ್ಕ ಬರೆಯುತ್ತಿದ್ದ ಪುಸ್ತಕದ ಮೇಲೆ ನೆರೆಮನೆಯವಳ ಹೆಸರಿತ್ತು. ಆಗಷ್ಟೇ ಓದು ಕಲಿತಿದ್ದ ನಾನು, “ಅತ್ತೀ, ಇದರಾಗ ನಿನ್ನ ಹೆಸರು ಯಾಕಿಲ್ಲ?” ಎಂದೆ. “ಹೆಸರು ಯಾರದಾದ್ರೇನೋ ತಮ್ಮಾ, ಕೈ ನಂದ ಐತಲ್ಲ!” ಎಂದು ಅವಳು ನಕ್ಕಳು.

ಮುಂದೆ ಮಾಸ್ತರನಾದ ಮೇಲೆ ಇಂಗ್ಲೆಂಡಿನ ಕಾರಖಾನೆ ಕಾಯಿದೆಗಳ ಇತಿಹಾಸ ಓದುವಾಗ ಈ ಮಾತು ನೆನಪಾಯಿತು. ಅಲ್ಲಿ 1901ರ ಕಾಯಿದೆಯೊಂದು, ಗೊತ್ತುಪಡಿಸಿದ ಉದ್ಯೋಗಗಳಲ್ಲಿ ಮನೆಗೆ ಕೆಲಸ ಕೊಡುವ ಮಾಲಿಕನು ಆ ಕೆಲಸಗಾರರ ಹೆಸರು ಮತ್ತು ವಿಳಾಸಗಳ ಪಟ್ಟಿಯಿಡಬೇಕೆಂದು ವಿಧಿಸಿತು. ವರ್ಷಕ್ಕೆ ಎರಡು ಸಲ, ಫೆಬ್ರವರಿ 1 ಮತ್ತು ಆಗಸ್ಟ್ 1ರೊಳಗಾಗಿ, ಆ ಪಟ್ಟಿ ಸ್ಥಳೀಯ ಮಂಡಳಿಗೆ ಮುಟ್ಟಬೇಕು. ಮಂಡಳಿಯ ಆರೋಗ್ಯಾಧಿಕಾರಿಯ ಕಡೆಯವರು ಆ ಮನೆಗಳಿಗೆ ಹೋಗಿ ನೋಡುವರು. ಮನೆ ಆರೋಗ್ಯಕ್ಕೆ ಹಾನಿಕರವಾಗಿದ್ದರೆ, ಒಳಗೆ ಅಂಟುರೋಗವಿದ್ದರೆ, ಅಲ್ಲಿಗೆ ಕೆಲಸ ಕೊಡದಂತೆ ತಡೆಯಬಹುದಾಗಿತ್ತು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿಯೂ ಇದು ನಡೆದುಬಂದಿತು. 1937ರ ಹೊಸ ಕಾರಖಾನೆ ಕಾಯಿದೆಯೂ ಪಟ್ಟಿಯನ್ನು ಉಳಿಸಿಕೊಂಡಿತು.

ಇದರಲ್ಲಿ ಕೆಲಸಗಾರಳ ಮೇಲಿನ ಕರುಣೆಯಷ್ಟೇ, ಬಟ್ಟೆಯ ಮೂಲಕ ಜ್ವರ ತಮ್ಮ ಮನೆಗೆ ಬಂದೀತೆಂಬ ಗಿರಾಕಿಗಳ ಭಯವೂ ಇತ್ತು. ಕೂಲಿಯ ಪ್ರಶ್ನೆ ಬೇರೆಯಾಗಿಯೇ ಉಳಿಯಿತು. ಅದಕ್ಕೆ 1909ರಲ್ಲಿ ವೇತನ ಮಂಡಳಿಗಳು ಬರಬೇಕಾಯಿತು. ಮಂಡಳಿ ಗೊತ್ತುಮಾಡಿದ ದರವನ್ನು ಪಡೆಯಲು ಕ್ರ್ಯಾಡ್ಲಿ ಹೀತ್ ಎಂಬಲ್ಲಿ ಸರಪಳಿ ಮಾಡುವ ಹೆಂಗಸರು 1910ರಲ್ಲಿ ಹೋರಾಡಬೇಕಾಯಿತು. ಜ್ವರವನ್ನು ನೋಡಬಂದ ಅಧಿಕಾರಿಗೆ ಹಸಿವನ್ನು ಬರೆದುಕೊಳ್ಳುವ ಅಧಿಕಾರವಿರಲಿಲ್ಲ.

ಆದರೂ ಆ ಪಟ್ಟಿಯಲ್ಲಿ ಒಂದು ದೊಡ್ಡ ತತ್ವವಡಗಿದೆ. ತಾನು ಕೆಲಸಗಾರಳೆಂದು ಅವಳು ಸಿದ್ಧಪಡಿಸಬೇಕಿರಲಿಲ್ಲ. ಅವಳ ಹೆಸರನ್ನು ಬರೆದು ಕಳುಹಿಸುವ ಹೊಣೆ ಮಾಲಿಕನದಾಗಿತ್ತು.

ನಮ್ಮಲ್ಲಿ ಬ್ರಿಟಿಷರದೇ ಆದ ವ್ಹಿಟ್ಲಿ ಆಯೋಗ 1931ರಲ್ಲಿ ಬೀಡಿ ಕಟ್ಟುವ ಗಾಳಿಯಿಲ್ಲದ ಗೂಡುಗಳನ್ನೂ ಅಲ್ಲಿ ದುಡಿಯುವ ಎಳೆಯರನ್ನೂ ಕುರಿತು ಬರೆಯಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕನಿಷ್ಠ ವೇತನ ಕಾಯಿದೆ ಬೀಡಿಯನ್ನು ತನ್ನ ಅನುಸೂಚಿಗೆ ಸೇರಿಸಿಕೊಂಡಿತು. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ ಇನ್ನೂ ಮುಂದೆ ಹೋಗಿ, ಮನೆಗೆ ಎಲೆ ಒಯ್ದು ಕಟ್ಟುವವಳೂ ಉದ್ಯೋಗಿಯೇ ಎಂದು ಸಾರಿತು; ಎಸೆದ ಬೀಡಿಯ ಕೂಲಿಯ ತಂಟೆಯನ್ನು ತೀರಿಸಲೂ ದಾರಿ ತೋರಿಸಿತು. ಬೀಡಿ ಮಾಲಿಕರು ಅದನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಭವಿಷ್ಯನಿಧಿ 1977ರಲ್ಲಿ ಬೀಡಿ ಉದ್ಯಮಕ್ಕೆ ಬಂದಿತು; ಅದು ಮನೆಯಲ್ಲಿ ಕಟ್ಟುವವರಿಗೂ ಸಲ್ಲುತ್ತದೆಂದು 1985ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. 1966ರ ಆ ಕಾಯಿದೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಲೀನವಾಗಿದೆ.

ಇಷ್ಟೆಲ್ಲ ಬೆಳಕಿದ್ದರೂ ಕತ್ತಲೆಗೆ ಸಂದಿಯಿದ್ದೇ ಇತ್ತು. ಸ್ವಂತಕ್ಕಾಗಿ, ಮನೆಮಂದಿಯೊಡನೆ ಮನೆಯಲ್ಲೇ ಬೀಡಿ ಕಟ್ಟುವವರನ್ನು 1966ರ ಕಾಯಿದೆ ಹೊರಗಿಟ್ಟಿತ್ತು. ನ್ಯಾಯವಾದ ಮಾತೇ. ಆದರೆ ಎಲೆಯನ್ನು ಮಾರಿದಂತೆ, ಬೀಡಿಯನ್ನು ಕೊಂಡಂತೆ ಕಾಗದದಲ್ಲಿ ಬರೆದರೆ ಕೂಲಿಕಾರಳು ವ್ಯಾಪಾರಸ್ಥಳಾಗುವಳು! ಅಥವಾ ಒಬ್ಬಳ ಪುಸ್ತಕದಲ್ಲಿ ಮೂವರ ದುಡಿಮೆ ಸೇರಿದರೆ, ಇಬ್ಬರು ಹುಟ್ಟಿಯೇ ಇಲ್ಲವೆಂದಾಗುವುದು.

ನನ್ನ ಅತ್ತೆ ಹಾಗೆ ಹುಟ್ಟದೆ ಉಳಿದವಳು. ಬೆರಳು ಸೆಡೆತು ಮೊರ ಕೆಳಗಿಟ್ಟ ವರ್ಷ ನಾನು ಅವಳ ಪರವಾಗಿ ಭವಿಷ್ಯನಿಧಿಯನ್ನು ವಿಚಾರಿಸಹೋದೆ. ಅಲ್ಲಿದ್ದವರು ಒರಟಾಗಿಯೇನೂ ನಡೆದುಕೊಳ್ಳಲಿಲ್ಲ. ಹೆಸರು ಹುಡುಕಿದರು, ಇಲ್ಲವೆಂದರು. ಮರಳಿ ಬಂದು ಹೇಳಿದಾಗ ಅವಳು ಬಹಳ ಹೊತ್ತು ತನ್ನ ಕೈಯನ್ನೇ ನೋಡಿಕೊಂಡಳು.

“ಕೈ ನಂದ ಇತ್ತು ತಮ್ಮಾ, ಹೆಸರು ನಂದಿರಲಿಲ್ಲ” ಎಂದಳು.

ಸರಕಾರದ ಅಧಿಕಾರಿ ಬಡವರ ಹೊಸ್ತಿಲು ದಾಟಬೇಕೆ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದುಂಟು. ಕೆಲಸವೇ ಹೊಸ್ತಿಲು ದಾಟಿ ಒಳಗೆ ಬಂದಿರುವಾಗ ಕಾಯಿದೆ ಹೊರಗೆ ನಿಂತು ಮಾಡುವುದೇನು? ಬರುವಾಗ ಅದು ದಂಡದ ಕೋಲನ್ನು ಬಿಟ್ಟು ಬರಲಿ. ಒಂದು ಪಟ್ಟಿಯನ್ನು ಮಾತ್ರ ಮರೆಯದೆ ತರಲಿ. ಅದರಲ್ಲಿ ದುಡಿದವಳ ಹೆಸರಿರಲಿ.