ನೂಲಿನಲ್ಲಿ ಅಡಗಿದ ಕೈಗಳು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಅದರ ವರ್ಣನೆಯು ಬೇಕಾಗಿಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಕಡೆಯ ವಾಚಕರೂ ಹಿಪ್ಪುನೇರಳೆಯ ತೋಟಗಳನ್ನು ಬಲ್ಲರು. ಹುಳು ಸಾಕುವ ಮನೆಯಲ್ಲಿ ಅದರ ಆರೈಕೆಯು ಕೂಸಿನ ಆರೈಕೆಗೆ ಕಡಮೆಯಲ್ಲ. ನಾಲ್ಕು ಜ್ವರಗಳನ್ನು ಕಳೆದು ಹಣ್ಣಾದ ಹುಳು ಚಂದ್ರಿಕೆಯನ್ನೇರಿ, ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುವುದು. ಒಂದೊಂದು ಗೂಡಿನ ಎಳೆಯೂ ನೂರಾರು ಮೀಟರು ಉದ್ದವಿರುವುದು. ಚಿಟ್ಟೆಯು ಗೂಡನ್ನು ಭೇದಿಸಿ ಹೊರಬಂದರೆ ಆ ಎಳೆಯು ಕೆಡುವುದು. ಆದುದರಿಂದ ಅದಕ್ಕೆ ಮೊದಲೇ ಹುಳುವನ್ನು ಒಳಗೇ ಕೊಂದು, ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವರು. ಈಗ ಸ್ವಯಂಚಾಲಿತ ಯಂತ್ರಗಳು ಬಂದಿದ್ದರೂ, ಹಳೆಯ ಕ್ರಮದಲ್ಲಿ ಬಿಸಿನೀರಿಗೆ ಕೈಯಿಕ್ಕಿ ಎಳೆಯ ತುದಿಯನ್ನು ಹುಡುಕುವವರ ಬೆರಳುಗಳು ನೆನೆದು ಬಿರಿಯುವುವು. ಮದುವೆಯ ಸೀರೆಯನ್ನು ಉಡುವಾಗ ಆ ಬೆರಳುಗಳನ್ನು ಸ್ಮರಿಸುವವರೆಷ್ಟು ಮಂದಿ?

ಈ ಮರೆವನ್ನು ಕಳೆಯಬಲ್ಲ ಕಲೆಯೊಂದು ನಮ್ಮ ಕಾಲದಲ್ಲಿ ಬೆಳೆದಿರುವುದು. ಬಣ್ಣ, ಕಲ್ಲು, ಕಂಚುಗಳೇ ಕಲೆಗೆ ಯೋಗ್ಯವೆಂಬ ಎಣಿಕೆಯನ್ನು ಬಿಟ್ಟು, ಹಲವು ಖಂಡಗಳ ಕಲಾವಿದರು ನೂಲು, ನಾರು, ಕೂದಲುಗಳನ್ನು ಕೈಗೆತ್ತಿಕೊಂಡಿರುವರು.

ಅವರಲ್ಲಿ ನಮ್ಮ ನಾಡಿನವರೇ ಆದ ಶ್ರೀಮತಿ ಶೀಲಾ ಗೌಡರು ಅಗ್ರಗಣ್ಯರು. ೧೯೫೭ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಇವರು ಬೆಂಗಳೂರು, ಶಾಂತಿನಿಕೇತನ, ಲಂಡನ್ನುಗಳಲ್ಲಿ ವ್ಯಾಸಂಗ ಮಾಡಿ, ಮೊದಲು ಚಿತ್ರಗಳನ್ನು ಬರೆದು, ಬಳಿಕ ಸಗಣಿಯನ್ನೂ ಕುಂಕುಮವನ್ನೂ ಕಲೆಯ ಸಾಮಗ್ರಿಯಾಗಿ ಮಾಡಿಕೊಂಡರು. 'ಅವನಿಗೆ ನನ್ನ ನೋವನ್ನು ಹೇಳು' ಎಂಬ ಅರ್ಥದ ಹೆಸರುಳ್ಳ ಕೃತಿಯಲ್ಲಿ, ಸೂಜಿಯ ಕಣ್ಣಿನಲ್ಲಿ ಪೋಣಿಸಿದ ನೂಲುಗಳನ್ನು ಒಟ್ಟುಗೂಡಿಸಿ, ಕೆಂಪು ಬಳಿದು ಉದ್ದವಾದ ಹಗ್ಗಗಳನ್ನಾಗಿ ಮಾಡಿರುವರು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ತೂಗುವುದು. ಹೊಲಿಗೆ ಬಲ್ಲ ಗೃಹಿಣಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕೇ? ದೃಷ್ಟಿ ತಗಲದಿರಲೆಂದು ವಾಹನಗಳಿಗೆ ಕಟ್ಟುವ ಕೂದಲಿನ ಹಗ್ಗವನ್ನು ನಾವು ಕಂಡೂ ಕಾಣದಂತಿರುವೆವು. ಅಂತಹ ಹಗ್ಗವನ್ನು ಸುಮಾರು ೪,೦೦೦ ಮೀಟರು ಬಳಸಿ, ಕಾರುಗಳ ಉಕ್ಕಿನ ಬಂಪರುಗಳನ್ನು ಅದರಲ್ಲಿ ತೂಗಹಾಕಿದ ಇವರ ಕೃತಿಯು ೨೦೦೯ರಲ್ಲಿ ಇಟಲಿಯ ವೆನಿಸ್ ನಗರದ ಮಹಾಪ್ರದರ್ಶನದಲ್ಲಿ ಮನ್ನಣೆ ಪಡೆಯಿತು.

ಪೋಲೆಂಡಿನ ಮಗ್ದಲೇನಾ ಅಬಕಾನೊವಿಚ್ (೧೯೩೦–೨೦೧೭) ಎಂಬಾಕೆ ಕತ್ತಾಳೆಯ ಜಾತಿಯ ನಾರಿನಿಂದ ಆಳೆತ್ತರವನ್ನು ಮೀರುವ ಆಕೃತಿಗಳನ್ನು ನೆಯ್ದು ತೂಗಹಾಕಿದರು. ಆಫ್ರಿಕದ ಘಾನಾದಲ್ಲಿ ೧೯೪೪ರಲ್ಲಿ ಜನಿಸಿ ನೈಜೀರಿಯದಲ್ಲಿ ನೆಲಸಿದ ಎಲ್ ಅನಾಟ್ಸುಯಿಯವರು ಎಸೆದ ಮದ್ಯದ ಶೀಸೆಗಳ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೆಣೆದು, ಜರತಾರಿಯ ವಸ್ತ್ರದಂತೆ ಹೊಳೆಯುವ ಪರದೆಗಳನ್ನು ರಚಿಸಿದರು.

ನಮ್ಮ ಸೀಮೆಗೆ ಅತ್ಯಂತ ಸಮೀಪವಾದುದು ಚೀಣಾದ ಲಿಯಾಂಗ್ ಶಾವೋಜಿಯವರ ಕಾರ್ಯ. ೧೯೪೫ರಲ್ಲಿ ಜನಿಸಿದ ಇವರು ಜೀವಂತ ರೇಷ್ಮೆಹುಳುಗಳನ್ನೇ ಸಹಕರ್ಮಿಗಳನ್ನಾಗಿ ಮಾಡಿಕೊಂಡರು. ಲೋಹದ ತಂತಿಯಿಂದ ಕಟ್ಟಿದ ಪುಟ್ಟ ಪುಟ್ಟ ಮಂಚಗಳ ಮೇಲೆ, ದಪ್ಪ ಸರಪಳಿಗಳ ಮೇಲೆ ಹುಳುಗಳು ನೂಲು ಹರಡುವುವು. ಇಲ್ಲಿ ಹುಳುವು ಕಚ್ಚಾ ಪದಾರ್ಥವಲ್ಲ, ಕೆಲಸಗಾರ.

ಶಿಡ್ಲಘಟ್ಟದ ರೈತನಿಗೂ ನೂಲು ಬಿಚ್ಚುವವಳಿಗೂ ಇದೇನು ಹೊಸ ಮಾತಲ್ಲ. ಹುಳುವಿಗೆ ಸೊಪ್ಪು ತಪ್ಪಿದ ದಿನ ತಾವೂ ಉಣ್ಣಲಾರದ ಮನೆಗಳು ಅಲ್ಲಿರುವುವು. ಆದರೆ ಪ್ರದರ್ಶನಶಾಲೆಯಲ್ಲಿ ತೂಗುವ ನೂಲಿನ ಮುಂದೆ ಬೆರಗಾಗುವ ನಾವು, ಪೆಟ್ಟಿಗೆಯಲ್ಲಿ ಮಡಿಸಿಟ್ಟ ನೂಲಿನ ಬೆಲೆಯನ್ನು ರೂಪಾಯಿಯಲ್ಲಿ ಮಾತ್ರ ಎಣಿಸುವೆವು. ಹಬ್ಬದ ದಿನ ರೇಷ್ಮೆಯ ಸೀರೆಯನ್ನು ಹೊರತೆಗೆಯುವಾಗ, ಹತ್ತಿರ ನಿಂತ ಮಕ್ಕಳಿಗೆ ಹುಳುವಿನ ಕಥೆಯನ್ನೂ ಬಿರಿದ ಬೆರಳಿನ ಕಥೆಯನ್ನೂ ಹೇಳೋಣ. ವಸ್ತ್ರಕ್ಕೆ ಸಲ್ಲಬೇಕಾದ ಗೌರವವು ಅದನ್ನು ಮಾಡಿದವರಿಗೂ ಸಲ್ಲಲಿ.